ನಿಕೋಬಾರ್ ಪಾರಿವಾಳ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಹಕ್ಕಿ ನೋಡುವವರು ಸೇರಿದ ಕಡೆಯಲ್ಲಿ ಅಂಡಮಾನ್ ಪ್ರವಾಸದ ಮಾತು ಬಂದರೆ ಸಾಕು, ನಿಕೋಬಾರ್ ಪಾರಿವಾಳದ ಪ್ರಸ್ತಾಪ ಬಂದೇ ಬರುತ್ತದೆ. ಅದರ ಫೋಟೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ, ಜೊತೆಗೆ ಅರ್ಧ ಸತ್ಯದ ಮಾತುಗಳೂ ಹರಿದಾಡುತ್ತವೆ. ಹೊಸದಾಗಿ ಆಸಕ್ತಿ ತಳೆದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ. ಈ ಉತ್ತರಗಳೆಲ್ಲದರ ಹಿಂದಿರುವ ವಿಚಾರ ಒಂದೇ: ಈ ಹಕ್ಕಿಯ ಬದುಕು ಯಾವುದೋ ಒಂದು ದ್ವೀಪದೊಳಗೆ ಮುಗಿಯುವುದಿಲ್ಲ, ಹಲವು ದ್ವೀಪಗಳ ನಡುವೆ ಹಂಚಿಹೋಗಿದೆ. ಇದು ಮನಸ್ಸಿನಲ್ಲಿದ್ದರೆ ಅದರ ರೂಪ, ನಡವಳಿಕೆ, ಅದಕ್ಕಿರುವ ಅಪಾಯ ಎಲ್ಲವೂ ಸುಲಭವಾಗಿ ಅರ್ಥವಾಗುತ್ತವೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಬರುವ ಪಾರಿವಾಳಕ್ಕೂ ಇದಕ್ಕೂ ಏನು ಸಂಬಂಧ?

ಎರಡೂ ಕೊಲಂಬಿಡೆ ಎಂಬ ಒಂದೇ ಕುಟುಂಬಕ್ಕೆ ಸೇರಿದವು, ಆದರೆ ಹತ್ತಿರದ ಸಂಬಂಧಿಗಳಲ್ಲ. ಬೆಂಗಳೂರಿನ ಬಾಲ್ಕನಿಗಳಲ್ಲಿ ಗೂಡು ಕಟ್ಟುವ ಬೂದು ಪಾರಿವಾಳದ ಪೂರ್ವಜರು ಬಂಡೆಗಳ ಕೊರಕಲುಗಳಲ್ಲಿ ಬದುಕಿದವರು. ಕಟ್ಟಡದ ಅಂಚು ಆ ಹಕ್ಕಿಗೆ ಬಂಡೆಯ ಅಂಚಿನಂತೆಯೇ ಒದಗುತ್ತದೆ, ಹಾಗಾಗಿ ಊರು ಬೆಳೆದಷ್ಟೂ ಅದು ಹೆಚ್ಚುತ್ತದೆ. ನಿಕೋಬಾರ್ ಪಾರಿವಾಳಕ್ಕೆ ಬೇಕಾದದ್ದು ಸಮುದ್ರದ ನಡುವಿನ ದ್ವೀಪದ ದಟ್ಟ ಕಾಡು, ಅದರ ನೆರಳು, ಅದರ ನೆಲದ ಮೇಲೆ ಬಿದ್ದಿರುವ ಹಣ್ಣು ಮತ್ತು ಬೀಜ. ಪಾರಿವಾಳಗಳು ಎಲ್ಲಿ ಬೇಕಾದರೂ ಬದುಕಿಕೊಳ್ಳುತ್ತವೆ ಎಂಬ ನಂಬಿಕೆ ನಗರವಾಸಿಗಳಲ್ಲಿ ಬಲವಾಗಿದೆ. ಅದು ಒಂದೆರಡು ಪ್ರಭೇದಗಳ ಮಟ್ಟಿಗೆ ಮಾತ್ರ ನಿಜ. ಇದೇ ಕುಟುಂಬದ ಎಷ್ಟೋ ದ್ವೀಪವಾಸಿ ಹಕ್ಕಿಗಳು ಕಳೆದ ಕೆಲವು ಶತಮಾನಗಳಲ್ಲಿ ಸಂಪೂರ್ಣವಾಗಿ ಅಳಿದುಹೋಗಿವೆ.

ಪ್ರಶ್ನೆ: ನೋಡಲು ಹೇಗಿರುತ್ತದೆ?

ಸುಮಾರು 40 ಸೆಂಟಿಮೀಟರ್ ಉದ್ದದ, ಅರ್ಧ ಕಿಲೊ ಆಸುಪಾಸಿನ ತೂಕದ ದಪ್ಪ ಮೈಯ ಹಕ್ಕಿ. ತಲೆ ಮತ್ತು ಎದೆ ಕಡುಬೂದು. ಬೆನ್ನು ಮತ್ತು ರೆಕ್ಕೆಯ ಗರಿಗಳು ಬೆಳಕು ಬೀಳುವ ಕೋನಕ್ಕೆ ತಕ್ಕಂತೆ ಹಸಿರು, ತಾಮ್ರ, ನೀಲಿ, ಹೊನ್ನಿನ ಛಾಯೆಗಳಲ್ಲಿ ಹೊಳೆಯುತ್ತವೆ. ಕತ್ತಿನಿಂದ ಉದ್ದನೆಯ, ಚೂಪಾದ ಗರಿಗಳು ಹುಂಜದ ಕತ್ತಿನ ಗರಿಗಳಂತೆ ಭುಜದ ಮೇಲೆ ಇಳಿಬಿದ್ದಿರುತ್ತವೆ. ಕೊಕ್ಕಿನ ಬುಡದಲ್ಲಿ ಕಪ್ಪನೆಯ ಚಿಕ್ಕ ಗಂಟಿದೆ. ಹೆಣ್ಣಿನಲ್ಲಿ ಈ ಗಂಟು ಇನ್ನೂ ಚಿಕ್ಕದು, ಕತ್ತಿನ ಗರಿಗಳೂ ಗಿಡ್ಡ. ಕಾಲುಗಳು ಗಟ್ಟಿಮುಟ್ಟಾಗಿದ್ದು ನೆಲದ ಮೇಲೆ ನಡೆದಾಡುವುದಕ್ಕೆ ಹೇಳಿಮಾಡಿಸಿದಂತಿವೆ. ಬಾಲ ಮಾತ್ರ ಗಿಡ್ಡ ಮತ್ತು ಅಚ್ಚ ಬಿಳಿ.

ಗರಿಗಳ ಹೊಳಪು ಬರುವುದು ಬರಿಯ ವರ್ಣದ್ರವ್ಯದಿಂದಲ್ಲ. ಗರಿಯ ಅತಿ ಸೂಕ್ಷ್ಮ ಎಳೆಗಳೊಳಗಿನ ತೆಳು ಪದರಗಳ ಮೇಲೆ ಬಿದ್ದ ಬೆಳಕು ಪ್ರತಿಫಲಿಸುವಾಗ ಕೆಲವು ಬಣ್ಣಗಳು ಒಂದನ್ನೊಂದು ಬಲಪಡಿಸಿಕೊಳ್ಳುತ್ತವೆ, ಉಳಿದವು ಅಳಿಸಿಹೋಗುತ್ತವೆ. ನಮ್ಮ ನವಿಲಿನ ಗರಿಯಲ್ಲಿ ನಡೆಯುವುದೂ ಇದೇ ಬಗೆಯ ಕ್ರಿಯೆ. ಈ ಕಾರಣದಿಂದಲೇ ಒಂದೇ ಹಕ್ಕಿಯ ಎರಡು ಫೋಟೊಗಳಲ್ಲಿ ಎರಡು ಬಣ್ಣ ಕಾಣಬಹುದು. ಹಾಗೆ ಕಂಡ ಮಾತ್ರಕ್ಕೆ ಅವು ಬೇರೆ ಬೇರೆ ಪ್ರಭೇದಗಳೆಂದು ತಿಳಿಯಬಾರದು.

ಪ್ರಶ್ನೆ: ಇಷ್ಟು ಬಣ್ಣವಿದ್ದೂ ಕಾಡಿನಲ್ಲಿ ಕಣ್ಣಿಗೆ ಬೀಳುವುದಿಲ್ಲವೇಕೆ?

ಫೋಟೊಗಳಲ್ಲಿ ಬಹುಪಾಲು ಮೃಗಾಲಯದ ಬೆಳಕಿನಲ್ಲಿ ತೆಗೆದವು. ಕಾಡಿನ ನೆಲದ ಮೇಲೆ ನೇರ ಬಿಸಿಲು ಬೀಳುವುದೇ ಅಪರೂಪ. ಅಲ್ಲಿ ಕಡುಹಸಿರು ಬೆನ್ನು ಒದ್ದೆ ಎಲೆಗಳ ನಡುವೆ ಬೆರೆತುಹೋಗುತ್ತದೆ. ಮೇಲಾಗಿ ಈ ಹಕ್ಕಿ ಸಂಕೋಚದ ಸ್ವಭಾವದ್ದು. ಮನುಷ್ಯರ ಹೆಜ್ಜೆಯ ಸದ್ದು ಕೇಳಿದರೆ ಪೊದೆಗಳ ಮರೆಗೆ ಸರಿಯುತ್ತದೆ, ಇಲ್ಲವೇ ಎದ್ದು ಕೊಂಬೆಯೊಂದರ ಮೇಲೆ ಹೋಗಿ ಅಲುಗಾಡದೆ ಕೂರುತ್ತದೆ. ಹೆಚ್ಚಾಗಿ ಮೌನವಾಗಿಯೇ ಇರುವುದರಿಂದ, ಬೆಳವದ ಹಾಗೆ ಕೂಗಿನ ಜಾಡು ಹಿಡಿದು ಹುಡುಕುವುದೂ ಕಷ್ಟ. ಅದರ ಓಡಾಟ ಚುರುಕಾಗುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ.

ಪ್ರಶ್ನೆ: ಆ ಬಿಳಿ ಬಾಲದಿಂದ ಏನು ಉಪಯೋಗ?

ಈ ಹಕ್ಕಿಗಳು ದ್ವೀಪದಿಂದ ದ್ವೀಪಕ್ಕೆ ಗುಂಪಾಗಿ ಹಾರುವಾಗ ಚದುರಿ ಹೋಗದೆ ಒಂದರ ಹಿಂದೆ ಒಂದರಂತೆ ಸಾಲಾಗಿ ಸಾಗುತ್ತವೆ. ಮಸುಕು ಬೆಳಕಿನಲ್ಲಿ ಸಮುದ್ರ ದಾಟುವಾಗ ಮುಂದಿನ ಹಕ್ಕಿಯ ಬಿಳಿ ಬಾಲವು ಹಿಂದಿನ ಹಕ್ಕಿಗೆ ಗುರುತಾಗಿ ಒದಗುತ್ತದೆ ಎಂಬುದು ಪಕ್ಷಿತಜ್ಞರ ವಿವರಣೆ. ಎಳೆಯ ಹಕ್ಕಿಗಳ ಬಾಲ ಬಿಳಿಯಲ್ಲ, ಕಪ್ಪು ಬಣ್ಣದ್ದು. ಆದ್ದರಿಂದ ಗುಂಪಿನಲ್ಲಿ ಪ್ರಾಯಕ್ಕೆ ಬಂದ ಹಕ್ಕಿ ಯಾವುದು, ಬಾರದ್ದು ಯಾವುದು ಎಂಬುದು ಉಳಿದ ಹಕ್ಕಿಗಳಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಪ್ರಶ್ನೆ: ಹೆಸರಿನಲ್ಲಿ ನಿಕೋಬಾರ್ ಇದೆ. ಹಾಗಾದರೆ ಅಲ್ಲಿ ಮಾತ್ರ ಇರುವುದೇ?

ಅಲ್ಲ. ನಿಕೋಬಾರ್ ದ್ವೀಪಗಳು ಅದರ ನೆಲೆಯ ಪಶ್ಚಿಮದ ಕೊನೆ. ಅಲ್ಲಿಂದ ಮಲಯ ದ್ವೀಪಸಮೂಹ, ಇಂಡೊನೇಷ್ಯಾ, ಫಿಲಿಪ್ಪೀನ್ಸ್, ನ್ಯೂಗಿನಿಯ ಸುತ್ತಲಿನ ಚಿಕ್ಕ ದ್ವೀಪಗಳನ್ನು ಹಾದು ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳವರೆಗೂ ಪಲಾವುವರೆಗೂ ಅದು ಹರಡಿದೆ. ಪಲಾವು ದ್ವೀಪಗಳ ಹಕ್ಕಿಗಳನ್ನು ಪ್ರತ್ಯೇಕ ಉಪಪ್ರಭೇದವೆಂದು ಗುರುತಿಸಲಾಗಿದೆ. 1758ರಲ್ಲಿ ಸ್ವೀಡನ್ನಿನ ನಿಸರ್ಗವಿಜ್ಞಾನಿ ಲಿನೀಯಸ್ ಈ ಹಕ್ಕಿಗೆ ವೈಜ್ಞಾನಿಕ ಹೆಸರಿಟ್ಟಾಗ ನಿಕೋಬಾರಿನ ಹೆಸರನ್ನೇ ಸೇರಿಸಿದರು. ಇಂದಿನ ಹೆಸರು ಕ್ಯಾಲೀನಾಸ್ ನಿಕೋಬಾರಿಕಾ.

ನಕ್ಷೆಯಲ್ಲಿ ಈ ಹರವನ್ನು ನೋಡಿದವರಿಗೆ ಹಕ್ಕಿ ಬಹಳ ಸಮೃದ್ಧವಾಗಿದೆ ಎನಿಸುವುದು ಸಹಜ. ಆದರೆ ಆ ಸಾವಿರಾರು ಕಿಲೊಮೀಟರುಗಳಲ್ಲಿ ಬಹುಭಾಗ ಬರಿಯ ನೀರು. ನೆಲವಿರುವಲ್ಲಿಯೂ ದೊಡ್ಡ ದ್ವೀಪಗಳ ಒಳನಾಡನ್ನು ಅದು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಚಿಕ್ಕ ದ್ವೀಪಗಳು ಮತ್ತು ಕರಾವಳಿಯ ಕಾಡುಗಳೇ ಅದರ ಮೆಚ್ಚಿನ ತಾಣ. ಹಾರುವ ಸಾಮರ್ಥ್ಯವಂತೂ ಅಪಾರ. 2017ರಲ್ಲಿ ಆಸ್ಟ್ರೇಲಿಯಾದ ವಾಯವ್ಯ ಭಾಗದ ಕಿಂಬರ್ಲಿ ಪ್ರದೇಶದಲ್ಲಿ ಒಂದು ಹಕ್ಕಿ ಕಾಣಿಸಿಕೊಂಡು ಅಲ್ಲಿನವರನ್ನು ಅಚ್ಚರಿಗೊಳಿಸಿತ್ತು. ನಮ್ಮ ಅಂಡಮಾನ್ ದ್ವೀಪಗಳಲ್ಲಿಯೂ ಅಪರೂಪಕ್ಕೆ ದಾರಿತಪ್ಪಿ ಬಂದ ಹಕ್ಕಿಗಳು ದಾಖಲಾಗಿವೆ.

ಪ್ರಶ್ನೆ: ಅದು ಏನು ತಿನ್ನುತ್ತದೆ?

ನೆಲಕ್ಕುದುರಿದ ಹಣ್ಣು, ಬೀಜ, ಮೊಗ್ಗು. ಜೊತೆಗೆ ಸಿಕ್ಕಿದರೆ ಚಿಕ್ಕಪುಟ್ಟ ಹುಳುಗಳು. ಇತರ ಪಾರಿವಾಳಗಳಿಗೆ ಒಡೆಯಲಾಗದಷ್ಟು ಗಟ್ಟಿಯಾದ ಬೀಜಗಳನ್ನೂ ಇದು ಇಡಿಯಾಗಿ ನುಂಗುತ್ತದೆ. ಅದರ ಜಠರದ ಗೋಡೆಯಲ್ಲಿ ದಪ್ಪ ಸ್ನಾಯುಗಳಿವೆ, ಒಳಗೆ ನುಂಗಿಟ್ಟುಕೊಂಡ ಕಲ್ಲು ಇರುತ್ತದೆ. ಸ್ನಾಯು ಬಿಗಿದಾಗ ಬೀಜ ಈ ಕಲ್ಲಿಗೆ ಸಿಕ್ಕಿ ಪುಡಿಯಾಗುತ್ತದೆ. ದುರ್ದೈವವೆಂದರೆ, ಹೊಟ್ಟೆಯೊಳಗೆ ಉಜ್ಜಿ ಉಜ್ಜಿ ನಯಗೊಂಡ ಈ ಕಲ್ಲನ್ನು ಆಭರಣಕ್ಕೆ ಬಳಸುವ ರೂಢಿ ಕೆಲವೆಡೆ ಇದ್ದು, ಅದಕ್ಕಾಗಿಯೂ ಹಕ್ಕಿಯನ್ನು ಕೊಂದಿದ್ದಾರೆ.

ಪ್ರಶ್ನೆ: ಗೂಡು ಎಲ್ಲಿ ಕಟ್ಟುತ್ತದೆ? ಎಷ್ಟು ಮೊಟ್ಟೆ ಇಡುತ್ತದೆ?

ಇದು ಈ ಹಕ್ಕಿಯ ಕತೆಯಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ, ಆದ್ದರಿಂದ ಉತ್ತರ ಸ್ವಲ್ಪ ದೀರ್ಘವಾಗಿದೆ.

ನಿಕೋಬಾರ್ ಪಾರಿವಾಳಗಳು ಒಂಟಿಯಾಗಿ ಗೂಡು ಕಟ್ಟುವುದು ಕಡಿಮೆ. ಕಾಡು ಬೆಳೆದಿರುವ, ಮನುಷ್ಯರಿಲ್ಲದ ಚಿಕ್ಕ ದ್ವೀಪವೊಂದನ್ನು ಆರಿಸಿಕೊಂಡು ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ನೆರೆಯುತ್ತವೆ. ಒಂದೇ ಮರದಲ್ಲಿ ಹಲವು ಗೂಡುಗಳಿರುವುದುಂಟು. ಗೂಡೆಂದರೆ ಕಡ್ಡಿಗಳನ್ನು ಸಡಿಲವಾಗಿ ಹೆಣೆದ ಒಂದು ತಟ್ಟೆ, ಅಷ್ಟೇ. ನಮ್ಮ ದೇಶದಲ್ಲಿ ಇದಕ್ಕೆ ಹೆಸರಾದ ತಾಣ ಬಟ್ಟಿ ಮಾಲ್ವ್. ಕಾರ್ ನಿಕೋಬಾರಿನ ದಕ್ಷಿಣಕ್ಕಿರುವ ಈ ಪುಟ್ಟ ದ್ವೀಪದಲ್ಲಿ ಜನವಸತಿಯಿಲ್ಲ, ಅದನ್ನು ವನ್ಯಜೀವಿಧಾಮವೆಂದು ಘೋಷಿಸಲಾಗಿದೆ.

ಇಷ್ಟು ಚಿಕ್ಕ ದ್ವೀಪವನ್ನೇ ಏಕೆ ಆರಿಸಿಕೊಳ್ಳಬೇಕು? ಮೊಟ್ಟೆ ಕದಿಯುವವರು ಅಲ್ಲಿ ಕಡಿಮೆ ಎಂಬುದೇ ಇದಕ್ಕೆ ಒಪ್ಪುವ ಉತ್ತರ. ಉದಾಹರಣೆಗೆ, ನಿಕೋಬಾರಿನ ಉದ್ದ ಬಾಲದ ಕೋತಿಗಳು ಗ್ರೇಟ್ ನಿಕೋಬಾರ್, ಲಿಟಲ್ ನಿಕೋಬಾರ್ ಮತ್ತು ಕಚಾಲ್ ಈ ಮೂರು ದ್ವೀಪಗಳಲ್ಲಿ ಮಾತ್ರ ಇವೆ. ಆದರೆ ಗೂಡಿಗೆ ಕ್ಷೇಮವಾದ ಚಿಕ್ಕ ದ್ವೀಪದಲ್ಲಿ ಸಾವಿರಾರು ಹಕ್ಕಿಗಳಿಗೆ ಸಾಲುವಷ್ಟು ಆಹಾರ ಸಿಗುವುದಿಲ್ಲ. ಆದ್ದರಿಂದ ಅವು ಬೇರೆ ದ್ವೀಪಗಳ ಕಾಡಿಗೆ ಹಾರಿಹೋಗಿ ಮೇಯುತ್ತವೆ. ಮಲಗುವ, ಮರಿ ಮಾಡುವ ತಾಣ ಒಂದು ಕಡೆ, ಉಣ್ಣುವ ತಾಣ ಇನ್ನೊಂದು ಕಡೆ, ನಡುವೆ ಸಮುದ್ರ. ಇವೆರಡರಲ್ಲಿ ಯಾವುದೊಂದು ಹಾಳಾದರೂ ಮತ್ತೊಂದು ಇದ್ದೂ ಇಲ್ಲದಂತಾಗುತ್ತದೆ. ಈ ಹಕ್ಕಿಯ ಸಂರಕ್ಷಣೆಯ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಅತಿ ಸುಲಭವಾಗಿ ಮರೆತುಹೋಗುವ ಸಂಗತಿ ಇದೇ ಎಂದು ನಾನು ಭಾವಿಸುತ್ತೇನೆ.

ಮೊಟ್ಟೆ ಒಂದೇ. ಬಿಳಿಯಾಗಿದ್ದು ನಸುನೀಲಿ ಛಾಯೆಯಿರುತ್ತದೆ. ಬಾಲ್ಕನಿಯ ಪಾರಿವಾಳ ಸಾಮಾನ್ಯವಾಗಿ ಎರಡು ಮೊಟ್ಟೆಯಿಟ್ಟು ಮೂರು ವಾರದೊಳಗೆ ಮರಿ ಮಾಡಿ, ವರ್ಷದಲ್ಲಿ ಹಲವು ಬಾರಿ ಗೂಡು ಕಟ್ಟುತ್ತದೆ. ನಿಕೋಬಾರ್ ಪಾರಿವಾಳವು ಒಂದು ಮೊಟ್ಟೆಗೆ ಸುಮಾರು ನಾಲ್ಕು ವಾರ ಕಾವು ಕೊಡುತ್ತದೆ. ಗಂಡು ಹೆಣ್ಣು ಎರಡೂ ಪಾಲನೆಯಲ್ಲಿ ತೊಡಗುತ್ತವೆ. ಎಲ್ಲ ಪಾರಿವಾಳಗಳಂತೆ ಇವೂ ಗಂಟಲಚೀಲದ ಒಳಪೊರೆಯಿಂದ ಒಸರುವ, ಕೊಬ್ಬು ಮತ್ತು ಪ್ರೋಟೀನು ತುಂಬಿದ ಹಾಲಿನಂಥ ದ್ರವವನ್ನು ಮರಿಗೆ ಉಣಿಸುತ್ತವೆ. ಒಂದೊಂದೇ ಮರಿ ಬೆಳೆಸುವ ಹಕ್ಕಿ ಕಳೆದುಕೊಂಡ ಸಂಖ್ಯೆಯನ್ನು ಬೇಗ ತುಂಬಿಕೊಳ್ಳಲಾರದು. ಬೇಟೆಗಾರರು ಒಂದೇ ಗೂಡುತಾಣಕ್ಕೆ ನುಗ್ಗಿ ನೂರಾರು ಹಕ್ಕಿಗಳನ್ನು ಹಿಡಿದರೆ ಆಗುವ ನಷ್ಟ ಎಂಥದ್ದೆಂಬುದನ್ನು ಇದರಿಂದ ಊಹಿಸಬಹುದು.

ಪ್ರಶ್ನೆ: ಇದು ಡೋಡೊ ಹಕ್ಕಿಯ ವಂಶಜವೆಂಬುದು ನಿಜವೇ?

ವಂಶಜವಲ್ಲ, ದೂರದ ದಾಯಾದಿ. ಡೋಡೊ ಬದುಕಿದ್ದು ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ. ಅದನ್ನು ಕಂಡ ಬಗ್ಗೆ ಸಾಮಾನ್ಯವಾಗಿ ಒಪ್ಪಿರುವ ಕೊನೆಯ ದಾಖಲೆ 1662ರದು. ಅದರ ನೆರೆಯ ರಾಡ್ರಿಗಸ್ ದ್ವೀಪದಲ್ಲಿ ಸಾಲಿಟೇರ್ ಎಂಬ ಇನ್ನೊಂದು ಹಾರಲಾರದ ಹಕ್ಕಿಯಿತ್ತು. ಅದೂ ಹದಿನೆಂಟನೆಯ ಶತಮಾನದಲ್ಲಿ ಕಣ್ಮರೆಯಾಯಿತು. ಇವೆರಡೂ ಪಾರಿವಾಳದ ಬಳಗಕ್ಕೆ ಸೇರಿದವು ಎಂದು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಮೂಳೆಗಳ ರಚನೆಯಿಂದ ತರ್ಕಿಸಿದ್ದರು. 2002ರಲ್ಲಿ ಆಕ್ಸ್‌ಫರ್ಡಿನ ಸಂಗ್ರಹಾಲಯದಲ್ಲಿ ಉಳಿದಿದ್ದ ಡೋಡೊ ಅವಶೇಷದಿಂದ ಡಿಎನ್‌ಎ ತೆಗೆದು ಹೋಲಿಸಿದಾಗ, ಡೋಡೊ ಮತ್ತು ಸಾಲಿಟೇರ್ ಪರಸ್ಪರ ಹತ್ತಿರದವೆಂದೂ, ಹೋಲಿಸಿದ ಜೀವಂತ ಪಾರಿವಾಳಗಳ ಪೈಕಿ ಅವಕ್ಕೆ ಅತಿ ಸಮೀಪದ್ದು ನಿಕೋಬಾರ್ ಪಾರಿವಾಳವೆಂದೂ ತಿಳಿದುಬಂತು.

ಸಮೀಪವೆಂದರೂ ನಡುವಿನ ಕಾಲ ಕೋಟಿಗಟ್ಟಲೆ ವರ್ಷಗಳದು. ಆಗ್ನೇಯ ಏಷ್ಯಾದ ಕಡೆಯಿಂದ ದ್ವೀಪದಿಂದ ದ್ವೀಪಕ್ಕೆ ಹಾರುತ್ತ ಪಶ್ಚಿಮಕ್ಕೆ ಸಾಗಿದ ಪಾರಿವಾಳಗಳ ಒಂದು ಕವಲು, ಶತ್ರುಗಳಿಲ್ಲದ ದ್ವೀಪಗಳಲ್ಲಿ ನೆಲೆನಿಂತು ಮೈ ಬೆಳೆಸಿಕೊಂಡು ಹಾರಾಟವನ್ನು ಕಳೆದುಕೊಂಡಿತು ಎಂಬುದು ಈ ಸಂಶೋಧನೆಯಿಂದ ಮೂಡುವ ಚಿತ್ರ. ನಿಕೋಬಾರ್ ಪಾರಿವಾಳದ ಕವಲು ರೆಕ್ಕೆಯ ಬಲವನ್ನು ಉಳಿಸಿಕೊಂಡಿತು.

ಇದರ ಇನ್ನೊಬ್ಬ ಬಂಧುವಿನ ಬಗ್ಗೆಯೂ ಹೇಳಬೇಕು. ಇಂಗ್ಲೆಂಡಿನ ಲಿವರ್‌ಪೂಲ್ ವಸ್ತುಸಂಗ್ರಹಾಲಯದಲ್ಲಿ ಚುಕ್ಕೆಗಳುಳ್ಳ ಹಸಿರು ಪಾರಿವಾಳವೊಂದರ ಒಂದೇ ಒಂದು ಮಾದರಿ ಇದೆ. ಹದಿನೆಂಟನೆಯ ಶತಮಾನದ ಆ ಹಕ್ಕಿ ಎಲ್ಲಿಂದ ಬಂದಿತೆಂಬುದಕ್ಕೆ ದಾಖಲೆಯಿಲ್ಲ. 2014ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವು ಅದನ್ನು ನಿಕೋಬಾರ್ ಪಾರಿವಾಳ ಮತ್ತು ಡೋಡೊಗಳ ಬಳಗದಲ್ಲಿಯೇ ಇರಿಸಿತು. ಅದೂ ಅಳಿದುಹೋಗಿದೆ. ನ್ಯೂ ಕ್ಯಾಲಿಡೋನಿಯಾದಲ್ಲಿ ಬದುಕಿದ್ದ ಇದೇ ಕುಲದ ದೊಡ್ಡ ಪಾರಿವಾಳವೊಂದು ನಮಗೆ ಗೊತ್ತಿರುವುದು ಮೂಳೆಗಳಿಂದ ಮಾತ್ರ. ಹೀಗೆ ಒಂದು ಇಡೀ ಬಳಗದಲ್ಲಿ ಇಂದು ಹಾರಾಡುತ್ತಿರುವುದು ಈ ಒಂದೇ ಹಕ್ಕಿ. ಬಣ್ಣಕ್ಕಿಂತಲೂ ಈ ಕಾರಣಕ್ಕಾಗಿ ಅದು ನನಗೆ ಅಮೂಲ್ಯವೆನಿಸುತ್ತದೆ.

ಪ್ರಶ್ನೆ: 2004ರ ಸುನಾಮಿಯಿಂದ ಏನಾಯಿತು?

ಡಿಸೆಂಬರ್ 26ರ ಭೂಕಂಪದ ಕೇಂದ್ರ ಸುಮಾತ್ರಾದ ಬಳಿಯಿತ್ತು. ನಿಕೋಬಾರ್ ದ್ವೀಪಗಳು ಅದಕ್ಕೆ ಬಹಳ ಸಮೀಪ. ಅಲೆಗಳ ಹೊಡೆತದ ಜೊತೆಗೆ ನೆಲವೇ ಕುಸಿಯಿತು. ಗ್ರೇಟ್ ನಿಕೋಬಾರಿನ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ತಗ್ಗಿ, ಅಲ್ಲಿನ ದೀಪಸ್ತಂಭದ ಬುಡ ಸಮುದ್ರದಲ್ಲಿ ನಿಂತಿತು. ಸಾವಿರಾರು ಜನರು ಪ್ರಾಣ ಕಳೆದುಕೊಂಡ ಆ ದುರಂತದಲ್ಲಿ ಹಕ್ಕಿಯ ಮಾತು ಎರಡನೆಯದು. ಆದರೂ ಗಮನಿಸಬೇಕಾದದ್ದು: ಕರಾವಳಿಯ ಕಾಡಿನ ಅಗಲವಾದ ಪಟ್ಟಿ ಉಪ್ಪುನೀರಿನಲ್ಲಿ ಮುಳುಗಿ ಒಣಗಿತು, ಮತ್ತು ಕರಾವಳಿಯ ಕಾಡೇ ಈ ಪಾರಿವಾಳದ ಮುಖ್ಯ ಮೇವಿನ ತಾಣ. ಇಂಥ ಆಘಾತಗಳನ್ನು ದ್ವೀಪದ ಜೀವಿಗಳು ಹಿಂದೆಯೂ ಕಂಡಿವೆ. ಪಕ್ಕದ ದ್ವೀಪದಲ್ಲಿ ಕಾಡು ಉಳಿದಿದ್ದರೆ ಅಲ್ಲಿಗೆ ಹಾರಿ ಬದುಕಿಕೊಳ್ಳುತ್ತವೆ, ಉಳಿದಿರಬೇಕು, ಅಷ್ಟೇ.

ಪ್ರಶ್ನೆ: ಸದ್ಯಕ್ಕೆ ಇದು ಅಳಿವಿನಂಚಿನಲ್ಲಿದೆಯೇ?

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯು ಇದನ್ನು ಅಪಾಯಕ್ಕೆ ಸಮೀಪವಿರುವ ಪ್ರಭೇದವೆಂದು ವರ್ಗೀಕರಿಸಿದೆ, ಅಂದರೆ ಅಳಿವಿನ ಅಪಾಯವಿರುವ ವರ್ಗಗಳಿಗಿಂತ ಒಂದು ಮೆಟ್ಟಿಲು ಕೆಳಗೆ. ಇದನ್ನು ಓದಿ ನೆಮ್ಮದಿಪಡುವವರಿದ್ದಾರೆ. ನನಗೆ ಆ ನೆಮ್ಮದಿಗೆ ಕಾರಣ ಕಾಣುವುದಿಲ್ಲ. ವಿಶಾಲವಾದ ಹರವಿನ ಬಲದಿಂದ ಪ್ರಭೇದವೊಂದು ಪಟ್ಟಿಯಲ್ಲಿ ಕೆಳಗಿರಬಹುದು, ಆದರೆ ಹಕ್ಕಿಗಳ ಸಂಖ್ಯೆ ನಿಂತಿರುವುದು ಕೈಬೆರಳೆಣಿಕೆಯ ಗೂಡುತಾಣಗಳ ಮೇಲೆ. ಮಾಂಸಕ್ಕಾಗಿ ಬೇಟೆ, ಪಂಜರದ ವ್ಯಾಪಾರಕ್ಕಾಗಿ ಹಿಡಿಯುವುದು, ತೋಟಗಳಿಗಾಗಿ ಕಾಡು ಕಡಿಯುವುದು ಇವೆಲ್ಲ ನಡೆಯುತ್ತಲೇ ಇವೆ. ದೋಣಿಗಳ ಜೊತೆ ಬರುವ ಇಲಿ ಮತ್ತು ಬೆಕ್ಕುಗಳು ಇನ್ನೊಂದು ಕಂಟಕ. ಶತ್ರುಗಳಿಲ್ಲವೆಂದು ಹಕ್ಕಿ ಆರಿಸಿಕೊಂಡ ದ್ವೀಪಕ್ಕೆ ಅವು ಕಾಲಿಟ್ಟರೆ ಆ ಆಯ್ಕೆಯೇ ಮುಳುವಾಗುತ್ತದೆ.

ಪ್ರಶ್ನೆ: ಗ್ರೇಟ್ ನಿಕೋಬಾರ್ ಯೋಜನೆಗೂ ಇದಕ್ಕೂ ಏನು ಸಂಬಂಧ?

ಗಲಾಥಿಯಾ ಕೊಲ್ಲಿಯಲ್ಲಿ ಹಡಗುಗಳ ಸರಕು ಬದಲಿಸುವ ಬಂದರು, ಜೊತೆಗೆ ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಮತ್ತು ಹೊಸ ಪಟ್ಟಣ ಇವು ಯೋಜನೆಯ ಭಾಗಗಳು. 2022ರ ನವೆಂಬರಿನಲ್ಲಿ ಇದಕ್ಕೆ ಪರಿಸರ ಅನುಮತಿ ದೊರೆಯಿತು. ಸುಮಾರು 130 ಚದರ ಕಿಲೊಮೀಟರ್ ಅರಣ್ಯಭೂಮಿಯನ್ನು ಇದಕ್ಕಾಗಿ ಪರಿವರ್ತಿಸಲಾಗುತ್ತದೆ. ದ್ವೀಪದ ಒಟ್ಟು ವಿಸ್ತೀರ್ಣ 900 ಚದರ ಕಿಲೊಮೀಟರಿಗಿಂತ ಸ್ವಲ್ಪ ಹೆಚ್ಚು. ಈ ಚರ್ಚೆಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಶೋಂಪೆನ್ ಮತ್ತು ನಿಕೋಬಾರಿ ಜನರ ಹಕ್ಕುಗಳ ಪ್ರಶ್ನೆ ಎಲ್ಲಕ್ಕಿಂತ ಮೊದಲು ಬರಬೇಕು. ಕೊಲ್ಲಿಯ ಮರಳಿನಲ್ಲಿ ಮೊಟ್ಟೆಯಿಡುವ ಚರ್ಮಬೆನ್ನಿನ ಕಡಲಾಮೆಯ ಬಗ್ಗೆಯೂ ಸಾಕಷ್ಟು ಬರೆಯಲಾಗಿದೆ. ಪಾರಿವಾಳದ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ, ಏಕೆಂದರೆ ಅದರ ಹೆಸರಾಂತ ಗೂಡುತಾಣ ಈ ದ್ವೀಪದಲ್ಲಿಲ್ಲ. ಮೇಲೆ ವಿವರಿಸಿದ ಕಾರಣಕ್ಕಾಗಿ ಈ ತರ್ಕ ಸಾಲದು. ಗೂಡಿರುವ ದ್ವೀಪಕ್ಕೆ ಬೇಲಿ ಹಾಕಿ, ಮೇವಿನ ಕಾಡನ್ನು ಕಡಿದರೆ ಹಕ್ಕಿ ಉಳಿಯುವುದಿಲ್ಲ. ಒಂದು ಕಡೆ ಕಡಿದ ಕಾಡಿಗೆ ಬದಲಾಗಿ ಮುಖ್ಯಭೂಮಿಯಲ್ಲಿ ಗಿಡ ನೆಡುವ ಪರಿಹಾರವಂತೂ ದ್ವೀಪದ ಹಕ್ಕಿಗೆ ಯಾವ ರೀತಿಯಲ್ಲಿಯೂ ಒದಗುವುದಿಲ್ಲ.

ಪ್ರಶ್ನೆ: ಇದನ್ನು ಮನೆಯಲ್ಲಿ ಸಾಕಬಹುದೇ?

ಖಂಡಿತ ಸಾಕಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಹಕ್ಕಿಯಿದು. ಹಿಡಿಯುವುದು, ಮಾರುವುದು, ಕೊಳ್ಳುವುದು, ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿಯೂ ಇದರ ಹೆಸರಿದೆ. ಯಾರಾದರೂ ಮಾರಾಟಕ್ಕಿಟ್ಟದ್ದು ಕಂಡರೆ ಕರ್ನಾಟಕ ಅರಣ್ಯ ಇಲಾಖೆಗೆ ತಿಳಿಸಿ. ಕರುಣೆಯಿಂದ ತಾವೇ ಕೊಂಡು ಬಿಡಿಸಲು ಹೋಗಬೇಡಿ, ಅದು ವ್ಯಾಪಾರಿಗೆ ಮತ್ತೊಂದು ಹಕ್ಕಿ ತರಿಸಲು ಹಣ ಕೊಟ್ಟಂತಾಗುತ್ತದೆ.

ಪ್ರಶ್ನೆ: ಬೆಂಗಳೂರಿನಿಂದ ಹೋಗಿ ಕಾಡಿನಲ್ಲಿ ನೋಡಿ ಬರಬಹುದೇ?

ಸುಲಭವಲ್ಲ. ಬೆಂಗಳೂರಿನಿಂದ ವಿಮಾನ ಸಿಗುವುದು ಪೋರ್ಟ್ ಬ್ಲೇರ್‌ವರೆಗೆ, ಅಂದರೆ ಈಗಿನ ಶ್ರೀ ವಿಜಯಪುರಂವರೆಗೆ. ಅದು ಅಂಡಮಾನ್, ಅಲ್ಲಿನ ಪ್ರವಾಸಿ ತಾಣಗಳಲ್ಲಿ ಈ ಹಕ್ಕಿಯನ್ನು ನಿರೀಕ್ಷಿಸುವಂತಿಲ್ಲ. ನಿಕೋಬಾರ್ ಇರುವುದು ಹತ್ತು ಡಿಗ್ರಿ ಕಾಲುವೆ ಎಂಬ ಜಲಸಂಧಿಯ ಆಚೆ. ಅಲ್ಲಿನ ಬಹುಪಾಲು ನೆಲ 1956ರ ನಿಯಮಾವಳಿಯಡಿ ಮೂಲನಿವಾಸಿಗಳಿಗೆ ಮೀಸಲಾಗಿದ್ದು, ಹೊರಗಿನವರು ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಈ ನಿರ್ಬಂಧ ಜನರ ರಕ್ಷಣೆಗಾಗಿ ಇರುವಂಥದ್ದು, ತಾವು ಕಂಡ ಹಕ್ಕಿಗಳ ಪಟ್ಟಿಗೆ ಇನ್ನೊಂದನ್ನು ಸೇರಿಸಿಕೊಳ್ಳುವ ಆಸೆಯಿಂದ ಅದನ್ನು ತೊಡಕೆಂದು ಕಾಣುವುದು ಸರಿಯಲ್ಲ.

ಪ್ರಶ್ನೆ: ಹಾಗಾದರೆ ಇಲ್ಲಿಯೇ ನೋಡಬಹುದಾದ, ಇದೇ ಸ್ವಭಾವದ ಹಕ್ಕಿ ಇದೆಯೇ?

ಇದೆ. ನಂದಿ ಬೆಟ್ಟದ ಮೇಲಿನ ಕಾಡಿನಲ್ಲಿ ನೀಲಗಿರಿ ಕಾಡುಪಾರಿವಾಳವಿದೆ. ಪಶ್ಚಿಮ ಘಟ್ಟಗಳಿಗೆ ಸೀಮಿತವೆಂದು ಹೇಳಬಹುದಾದ ಈ ಹಕ್ಕಿ ಘಟ್ಟದಿಂದ ಇಷ್ಟು ದೂರದಲ್ಲಿ, ಸುತ್ತ ಒಣ ಬಯಲಿರುವ ಒಂದು ಬೆಟ್ಟದ ನೆತ್ತಿಯ ಕಾಡನ್ನು ನೆಚ್ಚಿಕೊಂಡಿದೆ. ಅದಕ್ಕೆ ಆ ನೆತ್ತಿಯೇ ದ್ವೀಪ. ಇದೂ ಹಣ್ಣು ತಿನ್ನುವ, ಕತ್ತಿನ ಹಿಂಭಾಗದಲ್ಲಿ ಕಪ್ಪು ಬಿಳಿ ಚೌಕಳಿಯುಳ್ಳ, ಜನರ ಗದ್ದಲಕ್ಕೆ ಹಿಂಜರಿಯುವ ಹಕ್ಕಿ. ಕೆಂಪು ಪಟ್ಟಿಯಲ್ಲಿ ಇದರ ಸ್ಥಾನ ನಿಕೋಬಾರ್ ಪಾರಿವಾಳಕ್ಕಿಂತ ಹೆಚ್ಚು ಕಳವಳಕಾರಿ. ಇದನ್ನು ಅಪಾಯಕ್ಕೀಡಾಗಬಲ್ಲ ಪ್ರಭೇದವೆಂದು ಗುರುತಿಸಲಾಗಿದೆ. ವಾರಾಂತ್ಯದ ಜನಸಂದಣಿ ತಪ್ಪಿಸಿ, ವಾರದ ನಡುವಿನ ಬೆಳಿಗ್ಗೆ ಹೋಗಿ, ದೊಡ್ಡ ಮರಗಳ ಮೇಲುಭಾಗವನ್ನು ನಿಧಾನವಾಗಿ ನೋಡಿ. ಧ್ವನಿಮುದ್ರಿಕೆ ಹಾಕಿ ಕರೆಯಬೇಡಿ. ಕಂಡ ದಿನಾಂಕ, ಹಕ್ಕಿಗಳ ಸಂಖ್ಯೆ, ಯಾವ ಮರದ ಹಣ್ಣು ತಿನ್ನುತ್ತಿತ್ತು ಎಂಬುದನ್ನು ಬರೆದು, ಹಕ್ಕಿ ನೋಡಿದ ವಿವರಗಳನ್ನು ಸಂಗ್ರಹಿಸುವ ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸಿದರೆ, ಆ ಬೆಟ್ಟದ ಯಾವ ಮರಗಳನ್ನು ಉಳಿಸಿಕೊಳ್ಳಬೇಕೆಂದು ನಿರ್ಧರಿಸುವವರಿಗೆ ಅದು ನೆರವಾಗುತ್ತದೆ.